ಅಡಿಯಾಫೊರಾ: ವಿಧಿಯೂ ಅಲ್ಲ, ನಿಷೇಧವೂ ಅಲ್ಲ

ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರನ ಹಾದಿ ಹಿಡಿದ ಲೂಥರನ್ ಕ್ರೈಸ್ತರ ಆರಾಧನೆಯಲ್ಲಿ ಕಾಣುವ ಮೇಣದಬತ್ತಿ, ಪಾದ್ರಿಯ ನಿಲುವಂಗಿ, ಶಿಲುಬೆಯ ಗುರುತು ಇವುಗಳನ್ನು ಮಾಡಲೇಬೇಕೆಂದು ಬೈಬಲ್ ಹೇಳಿಲ್ಲ, ಮಾಡಬೇಡಿ ಎಂದೂ ಹೇಳಿಲ್ಲ. ಇಂಥವುಗಳಿಗೆ ಅಡಿಯಾಫೊರಾ ಎಂದು ಹೆಸರು. ಗ್ರೀಕಿನ ಸ್ಟೋಯಿಕ್ ತತ್ವಜ್ಞಾನಿಗಳು ಬಳಸುತ್ತಿದ್ದ ಪದ. ದೀಕ್ಷಾಸ್ನಾನ, ಕರ್ತನ ಭೋಜನ ಈ ಗುಂಪಿಗೆ ಸೇರವು. ಅವು ಕ್ರಿಸ್ತನೇ ಸ್ಥಾಪಿಸಿದವು ಎಂಬುದು ಲೂಥರನ್ನರ ನಂಬಿಕೆ.

ಕಡ್ಡಾಯವಲ್ಲದಿದ್ದರೆ ಯಾಕಾದರೂ ಇಟ್ಟುಕೊಳ್ಳಬೇಕು? ಲೂಥರನ್ನರು ತಮ್ಮ ನಂಬಿಕೆಯನ್ನು ಬರೆದಿಟ್ಟ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟನೆ ಕೊಡುವ ಕಾರಣ ನೇರವಾಗಿದೆ: ಅರಿಯದವರಿಗೆ ಕಲಿಸಲು. ಅದಕ್ಕೆ ಒಂದು ವರ್ಷ ಮುಂಚೆ ಬಂದ ಲೂಥರನ ಕಿರು ಪ್ರಶ್ನೋತ್ತರದಲ್ಲಿ (ನಂಬಿಕೆಯ ಪಾಠ ಹೇಳಿಕೊಡುವ ಚಿಕ್ಕ ಪುಸ್ತಕ) ಇದರ ಮಾದರಿ ಸಿಗುತ್ತದೆ. ಬೆಳಗ್ಗೆ ಏಳುತ್ತಲೇ ಶಿಲುಬೆಯ ಗುರುತು ಹಾಕಿಕೊಂಡು ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳುವುದನ್ನು ಮನೆಯ ಯಜಮಾನ ಮನೆಮಂದಿಗೆ ಕಲಿಸಬೇಕು. ದೀಕ್ಷಾಸ್ನಾನದಲ್ಲಿ ನೀರು ಹಾಕುವಾಗ ಹೇಳುವುದೂ ಅದೇ ಹೆಸರು. ಪ್ರಶ್ನೆಗೆ ಉತ್ತರ ಒಪ್ಪಿಸಲು ಬಾರದ ಮಗುವಿಗೂ ತಾನು ಯಾರವನು ಎಂಬುದು ಕೈಯಭ್ಯಾಸದಲ್ಲೇ ಬಂದಿರುತ್ತದೆ.

ಆದರೆ 'ಇದ್ದರೂ ಸರಿ, ಬಿಟ್ಟರೂ ಸರಿ' ಎನ್ನುವಂಥವೇ ದೊಡ್ಡ ಜಗಳಕ್ಕೆ ಕಾರಣವಾದವು. ಲೂಥರ್ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ, ಅವನ ಊರಾದ ವಿಟೆನ್‌ಬರ್ಗ್‌ನಲ್ಲಿ ಸಹೋದ್ಯೋಗಿ ಕಾರ್ಲ್‌ಸ್ಟಾಟ್‌ನ ಕಡೆಯವರು ಚರ್ಚಿನ ವಿಗ್ರಹಗಳನ್ನು ಕಿತ್ತುಹಾಕಲು ಹೊರಟರು. 1522ರ ಮಾರ್ಚಿನಲ್ಲಿ ಮರಳಿದ ಲೂಥರ್ ಎಂಟು ದಿನ ಸತತ ಬೋಧಿಸಿದ. ವಿಗ್ರಹಗಳು ಬೇಕೆಂದೇನೂ ಅವನ ವಾದವಲ್ಲ. ಬಲವಂತ ಕೂಡದು ಎಂದಷ್ಟೇ.

1548ರಲ್ಲಿ ಬಲವಂತ ಎದುರು ದಿಕ್ಕಿನಿಂದ ಬಂತು. ಲೂಥರನ್ ಅರಸರ ಮೇಲೆ ಯುದ್ಧ ಗೆದ್ದ ಕ್ಯಾಥೊಲಿಕ್ ಚಕ್ರವರ್ತಿ ಐದನೇ ಚಾರ್ಲ್ಸ್ ಹಳೆಯ ಆಚರಣೆಗಳನ್ನು ಮತ್ತೆ ಹೇರಿದ. ಬಿಳಿ ಮೇಲಂಗಿ ತೊಟ್ಟರೆ ಸುವಾರ್ತೆಗೇನೂ ಕುಂದಿಲ್ಲ, ಒಪ್ಪೋಣ ಎಂದ ಲೂಥರನ ಒಡನಾಡಿ ಮೆಲಾಂಕ್ಟನ್. ಅವನನ್ನು ಹೇಡಿ ಎನ್ನುವುದು ಸುಲಭ. ದಕ್ಷಿಣ ಜರ್ಮನಿಯಲ್ಲಿ ಮಣಿಯದ ನೂರಾರು ಪಾದ್ರಿಗಳು ನೆಲೆ ಕಳೆದುಕೊಂಡಿದ್ದರು ಎಂಬುದನ್ನೂ ನೋಡಬೇಕು. ಇನ್ನೊಬ್ಬ ಲೂಥರನ್ ಪಂಡಿತ ಫ್ಲಾಸಿಯುಸ್ ಒಪ್ಪಲಿಲ್ಲ. ನಂಬಿಕೆಗೇ ಒತ್ತಡ ಬಂದಾಗ ಯಾವುದೂ ಅಡಿಯಾಫೊರಾ ಅಲ್ಲ ಎಂದ. ಲೂಥರನ್ನರ ಒಳಜಗಳ ತೀರಿಸಲು ಬರೆದ 1577ರ ಏಕಮತ್ಯ ಸೂತ್ರದ ಹತ್ತನೇ ವಿಧಿ ಅವನ ನಿಲುವನ್ನೇ ಎತ್ತಿಹಿಡಿಯಿತು. ನನಗೂ ಅದೇ ಸರಿ ಅನಿಸುತ್ತದೆ: ಅಂಗಿ ಅದೇ, ಆದರೆ ತೊಡಿಸುವವರು ಯಾರು ಎಂಬುದರ ಮೇಲೆ ಜನ ಅದರಿಂದ ಕಲಿಯುವ ಪಾಠ ಬದಲಾಗುತ್ತದೆ.

ಲೂಥರನ ಹಟವೂ ಇದೇ ಜಾತಿಯದು. ಕರ್ತನ ಭೋಜನದಲ್ಲಿ ರೊಟ್ಟಿಯನ್ನು ಎತ್ತಿ ತೋರಿಸುವ ಪದ್ಧತಿ ವಿಟೆನ್‌ಬರ್ಗ್‌ನಲ್ಲಿ ನಿಂತದ್ದು 1542ರಲ್ಲಿ. ಬಿಡಲು ತನಗೆ ಅಡ್ಡಿಯಿರಲಿಲ್ಲ, ಕಾರ್ಲ್‌ಸ್ಟಾಟ್ ಅದನ್ನು ಪಾಪವೆಂದ ಕಾರಣಕ್ಕೇ ಇಷ್ಟು ಕಾಲ ಉಳಿಸಿಕೊಂಡೆ ಎಂದು ಆಮೇಲೆ ಅವನೇ ಬರೆದುಕೊಂಡ.