ಇಷ್ಟು ಮಳೆ ಬಂದರೂ ಕಾಲೇಜಿನ ಬಾವಿ ಮಾರ್ಚಿಗೇ ಬತ್ತುವುದೇಕೆ?

ಪ್ರಶ್ನೆ: ನಮ್ಮ ಕಾಲೇಜು ಕಾಸರಗೋಡಿನ ಒಂದು ಗುಡ್ಡೆಯ ಮೇಲಿದೆ. ಮಳೆಗಾಲದಲ್ಲಿ ಅಂಗಳ ತುಂಬ ನೀರು, ಮಾರ್ಚಿನಲ್ಲಿ ಟ್ಯಾಂಕರ್. ಪರಿಸರಕ್ಕೆ ಏನಾದರೂ ಮಾಡಬೇಕೆಂದು ಮಕ್ಕಳು ಹೊರಟಿದ್ದಾರೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಮಾಡಿನಿಂದ, ಅಂದರೆ ಕಟ್ಟಡದ ಛಾವಣಿಯಿಂದ ಶುರು ಮಾಡಿ. ಸೋಲಾರ್, ಅಡಿಕೆ ಹಾಳೆಯ ತಟ್ಟೆ, ಗಿಡ ನೆಡುವುದು ಎಲ್ಲವೂ ಬೇಕು. ಆದರೆ ನೀರಿಲ್ಲದಿದ್ದರೆ ಜೂನಿನಲ್ಲಿ ನೆಟ್ಟ ಗಿಡ ಏಪ್ರಿಲಿಗೆ ಒಣಗುತ್ತದೆ, ಅಲ್ವಾ?

ಲೆಕ್ಕ ಹಾಕಿ ನೋಡೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಮೀಟರ್ ಮಾಡಿಗೆ 35 ಲಕ್ಷ ಲೀಟರ್ ಆಯಿತು. ಐದರಲ್ಲಿ ಒಂದು ಪಾಲು ಚೆಲ್ಲಿ ಹೋದರೂ 28 ಲಕ್ಷ ಉಳಿಯಿತು. ಒಬ್ಬರಿಗೆ ದಿನಕ್ಕೆ 45 ಲೀಟರಿನಂತೆ 500 ಮಂದಿಗೆ ನಾಲ್ಕು ತಿಂಗಳ ನೀರು ಇದು!

ಇದೆಲ್ಲ ಎಲ್ಲಿ ಹೋಗುತ್ತದೆ? ನಮ್ಮ ಗುಡ್ಡೆಯ ಮುರಕಲ್ಲಿನ (ಲ್ಯಾಟರೈಟ್) ತುಂಬ ತೂತುಗಳು. ಬೇಗ ನೀರು ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಅಡಿಯಲ್ಲಿ ನೀರು ಇಳಿಯಗೊಡದ ಶೇಡಿಮಣ್ಣು (ಜೇಡಿಮಣ್ಣು) ಸಿಕ್ಕಿದಲ್ಲಿ ನೀರು ಅಡ್ಡ ಹರಿದು ತೋಡು (ಸಣ್ಣ ಹಳ್ಳ) ಸೇರುತ್ತದೆ, ಅಲ್ಲಿಂದ ಹೊಳೆಗೆ, ಸಮುದ್ರಕ್ಕೆ. ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಗುಡ್ಡೆಯ ಬದಿಗೆ ಸುರಂಗ ಕೊರೆದು ನೀರು ತಂದರು, ಎತ್ತರದಲ್ಲಿ ಮಳೆನೀರು ನಿಲ್ಲುವ ಮದಕ ಉಳಿಸಿಕೊಂಡರು, ಮಳೆ ನಿಂತ ಮೇಲೆ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಿದರು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಕಡೆ ಇವು ಪಾಳು ಬಿದ್ದವು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೆಲಸ ದೊಡ್ಡದೇನಲ್ಲ. ಮಾಡಿನ ನೀರನ್ನು ಪೈಪಿನಲ್ಲಿ ಇಳಿಸಿ, ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ ತೆರೆದ ಬಾವಿಗೆ ಬಿಡಿ. ತ್ರಿಶ್ಶೂರು ಜಿಲ್ಲೆಯಲ್ಲಿ 2008ರಲ್ಲಿ ಶುರುವಾದ 'ಮಳಪ್ಪೊಲಿಮ' ಯೋಜನೆ ಮನೆಮನೆಯ ಬಾವಿಗೆ ಮಾಡಿದ್ದೂ ಇದನ್ನೇ. ಮೊದಲ ಎರಡು ಮೂರು ಮಳೆಯ ನೀರು ಮಾತ್ರ ಹೊರಗೆ ಹೋಗಲಿ. ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಜಾಸ್ತಿ. ಅಂಗಳದ ಕೆಸರು ನೀರು ಬಾವಿಗೆ ಬೇಡವೇ ಬೇಡ.

ಬಿಟ್ಟ ನೀರೆಲ್ಲ ಅದೇ ಬಾವಿಯಲ್ಲಿ ನಿಲ್ಲುವುದಿಲ್ಲ, ನಿಜ. ಸ್ವಲ್ಪ ಕೆಳಗಿನ ಮನೆಗಳ ಬಾವಿಗೂ ಹೋಗುತ್ತದೆ. ಹೋಗಲಿ, ಅವರೂ ನಮ್ಮವರೇ ಅಲ್ವಾ?

ಒಂದು ಎಚ್ಚರ. ಗುಡ್ಡೆಯ ಅಂಚಿನಲ್ಲಿ, ಕಡಿದ ಬರೆಯ (ಗುಡ್ಡೆ ಕಡಿದು ಉಳಿದ ನೆಟ್ಟಗಿನ ಮಣ್ಣಿನ ಗೋಡೆಯ) ಮೇಲೆ ಇಂಗುಗುಂಡಿ ತೋಡಬೇಡಿ. ನೀರು ಕುಡಿದ ಮಣ್ಣು ಭಾರವಾಗಿ ಜರಿಯುತ್ತದೆ.

ಪ್ರತಿ ತಿಂಗಳ ಒಂದನೇ ತಾರೀಕು ಮಕ್ಕಳು ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆದಿಡಲಿ. ಎರಡು ಬೇಸಿಗೆಯ ಅಂಕಿ ಕೈಯಲ್ಲಿದ್ದರೆ, ಉಳಿದ ಕಟ್ಟಡಗಳ ಪೈಪಿಗೆ ದುಡ್ಡು ಕೇಳಲು ಪಂಚಾಯತಿಗೆ ಹೋಗುವುದೂ ಸುಲಭ.