ಕಾಕಾನ ಹೊಟ್ಟೆಯೊಳಗಿನ ಸುಣ್ಣದ ಕಲ್ಲು

ಕಲಬುರಗಿಯ ನಮ್ಮ ಮನೆಯ ಪಡಸಾಲೆಗೆ ಶಹಾಬಾದ್ ಫರಸಿ ಹಾಸಿದೆ. ಹೊಟ್ಟೆನೋವು ಬಂದಾಗ ನಮ್ಮ ಕಾಕಾ ಆ ತಣ್ಣನೆಯ ಕಲ್ಲಿನ ಮೇಲೆ ಕೂತು, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗುತ್ತಿದ್ದರು. ಮಲಗಿದರೆ ನೋವು ಜಾಸ್ತಿ, ಬಾಗಿದರೆ ಸ್ವಲ್ಪ ಕಡಿಮೆ. ಹೊಟ್ಟೆಯಿಂದ ಸೀದಾ ಬೆನ್ನಿಗೆ ಹಾಯುವ ನೋವು. ವರ್ಷಗಟ್ಟಲೆ ಅದನ್ನು ಎಸಿಡಿಟಿ ಅಂದುಕೊಂಡು ಗುಳಿಗೆ ನುಂಗಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ.

ಡಾಕ್ಟರು ಮೊದಲು ಕೇಳಿದ್ದು ಕುಡಿತದ ಬಗ್ಗೆ. ಕಾಕಾಗೆ ಸಿಟ್ಟು ಬಂತು. “ನಾ ಸೆರೆ ಮುಟ್ಟಿದಾಂವ ಅಲ್ಲ. ಸಿಗರೇಟ್ ಸೇದ್ತೀನಿ ಖರೆ, ಆದ್ರ ಹೊಗಿ ಎದಿಗಿ ಹೋಗ್ತದ, ಹೊಟ್ಟಿಗಿ ಏನ್ ಸಂಬಂಧ?”

ಸಂಬಂಧ ಇದೆ. ಹೊಗೆ ಎದೆಗೆ ಹೋದರೂ ಅದರಲ್ಲಿರುವ ನಿಕೋಟಿನ್ ಮತ್ತು ಬೇರೆ ವಿಷಗಳು ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ. ರಕ್ತ ಹೋದಲ್ಲೆಲ್ಲ ಹೋಗುತ್ತವೆ. ಜಠರದ ಹಿಂದೆ ಅಡ್ಡ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಈ ಗ್ರಂಥಿಗೂ ಬರುತ್ತವೆ.

ರೊಟ್ಟಿ, ಬೇಳೆ, ಶೇಂಗಾ ಹಿಂಡಿ ಎಲ್ಲವನ್ನೂ ಅರಗಿಸುವ ರಸವನ್ನು ಈ ಗ್ರಂಥಿ ದಿನಕ್ಕೆ 1 ಲೀಟರಿಗೂ ಜಾಸ್ತಿ ತಯಾರಿಸುತ್ತದೆ. ಮಾಂಸವನ್ನೇ ಕರಗಿಸಬಲ್ಲ ರಸ ಅದು. ಗ್ರಂಥಿಯೂ ಮಾಂಸವೇ ಅಲ್ವಾ? ಅದಕ್ಕೇ ಪ್ರೋಟೀನ್ ಅರಗಿಸುವ ಕಿಣ್ವಗಳು ಗ್ರಂಥಿಯೊಳಗೆ ಇರುವಷ್ಟು ಹೊತ್ತು ಸುಮ್ನೆ ಇರುತ್ತವೆ. ಸಣ್ಣ ಕರುಳು ತಲುಪಿದ ಮೇಲೆ ಕೆಲಸ ಶುರುಮಾಡುತ್ತವೆ. ಈ ಕಿಣ್ವಗಳನ್ನು ತಯಾರಿಸುವ ಕೋಶಗಳೊಳಗಿನ ಕ್ಯಾಲ್ಸಿಯಂ ಲೆಕ್ಕವನ್ನು ನಿಕೋಟಿನ್ ತಪ್ಪಿಸಿ ಅವಕ್ಕೆ ಹಾನಿ ಮಾಡುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಇನ್ನೊಂದು ಏಟು ಈ ರಸವನ್ನು ಕರುಳಿಗೆ ಸಾಗಿಸುವ ನಾಳಗಳಿಗೆ. ನಾಳದ ಗೋಡೆಯಿಂದ ಬರುವ ಬೈಕಾರ್ಬನೇಟ್ ನೀರು ರಸವನ್ನು ತೆಳುವಾಗಿಡುತ್ತದೆ. ಸಿಗರೇಟ್ ಸೇದಿದರೆ ಅದು ಕಡಿಮೆಯಾಗುತ್ತದೆ. ರಸ ಗಟ್ಟಿಯಾಗಿ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಸುಣ್ಣ ಕಟ್ಟುತ್ತದೆ. ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ್ ಫರಸಿಯಲ್ಲಿರುವುದೂ ಅದೇ! ಕಾಕಾ ಯಾವ ಕಲ್ಲಿನ ಮೇಲೆ ಕೂತು ನರಳುತ್ತಿದ್ದರೋ ಅದರ ಚೂರುಗಳೇ ಅವರ ಗ್ರಂಥಿಯಲ್ಲಿ, ಸ್ಕ್ಯಾನಿನಲ್ಲಿ ಬಿಳಿ ಬಿಳಿ ಚುಕ್ಕಿಗಳಾಗಿ ಕಂಡವು. ಸುತ್ತಲಿನ ಮೆತ್ತನೆಯ ಭಾಗ ನಾರಿನಂತೆ ಬಿರುಸಾಗುತ್ತದೆ. ಮುಂದೆ ಎಣ್ಣೆ-ತುಪ್ಪ ಅರಗದೆ ಮಲದಲ್ಲೇ ಹೋಗುತ್ತದೆ, ತೂಕ ಇಳಿಯುತ್ತದೆ, ಇನ್ಸುಲಿನ್ ಮಾಡುವ ಕೋಶಗಳು ಸತ್ತು ಸಕ್ಕರೆ ಕಾಯಿಲೆಯೂ ಬರಬಹುದು.

ಮೊದಲೆಲ್ಲ ತಪ್ಪನ್ನು ಕುಡಿತದ ಮೇಲೇ ಹಾಕುತ್ತಿದ್ದರು. ಕುಡಿಯುವವರು ಜಾಸ್ತಿ ಸೇದುತ್ತಾರೆ, ಹಾಗಾಗಿ ಸಿಗರೇಟಿನ ಪಾಲು ಮರೆಯಲ್ಲೇ ಉಳಿಯಿತು. 2010ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ, ಕುಡಿತದ ಪಾಲನ್ನು ಬೇರ್ಪಡಿಸಿ ನೋಡಿದಾಗ, ದಿನಕ್ಕೆ ಒಂದು ಪ್ಯಾಕ್ ಅಥವಾ ಅದಕ್ಕಿಂತ ಹೆಚ್ಚು ಸೇದುವವರಿಗೆ ಈ ಕಾಯಿಲೆಯ ಅಪಾಯ ಮೂರು ಪಟ್ಟಿಗೂ ಜಾಸ್ತಿ ಕಂಡಿತು. ಬಿಟ್ಟವರಲ್ಲಿ ಅದು ಸುಮಾರು 1.4 ಪಟ್ಟು. ಸೇದದೆ, ಕುಡಿಯದೆ ಇದ್ದರೂ ಈ ಕಾಯಿಲೆ ಬರುವುದುಂಟು, ವಂಶವಾಹಿಗಳ ಕಾರಣದಿಂದ. ಆದರೆ ವಂಶವಾಹಿ ನಮ್ಮ ಕೈಲಿಲ್ಲ, ಸಿಗರೇಟು ಕೈಲಿದೆ.

ಕಾಯಿಲೆ ಶುರುವಾದ ಹೊಸತರಲ್ಲೇ ಬಿಟ್ಟರೆ ಕಲ್ಲು ಕಟ್ಟುವ ಅಪಾಯ ಕಡಿಮೆ. ಕಾಕಾ ಬಿಟ್ಟಾಗ ಕಲ್ಲು ಆಗಲೇ ಕಟ್ಟಿತ್ತು, ನನಗೆ ಅದೇ ಸಂಕಟ. ಎರಡು ವರ್ಷವಾಯಿತು. ನೋವು ಪೂರ್ತಿ ಹೋಗಿಲ್ಲ. ಆದರೂ ಈಗ ಅದೇ ಫರಸಿಯ ಮೇಲೆ ನೆಟ್ಟಗೆ ಕೂತು ಎರಡು ರೊಟ್ಟಿ ಉಣ್ಣುತ್ತಾರೆ, ಮೊದಲ ತುತ್ತಿನ ಜೊತೆ ಕಿಣ್ವದ ಕ್ಯಾಪ್ಸೂಲ್ ನುಂಗಿ.