ಹರಟೆಮಲ್ಲಗಳಿಗೆ ಎಷ್ಟು ಮನೆತನ?

"ಹಳೇ ಪುಸ್ತಕದಲ್ಲಿ ಹರಟೆಮಲ್ಲಗಳೆಲ್ಲ ಟಿಮಾಲಿಯಿಡೇ ಕುಟುಂಬ ಅಂತಿದೆ. ಮೊಬೈಲ್ ಆ್ಯಪ್‌ನಲ್ಲಿ ಒಂದೊಂದಕ್ಕೂ ಒಂದೊಂದು ಕುಟುಂಬ. ಯಾವುದು ಸರಿ?"

ಹರಟೆಮಲ್ಲ, ಅಂದರೆ ಬ್ಯಾಬ್ಲರ್ ಹಕ್ಕಿಗಳ ಬಗ್ಗೆ ಈ ಪ್ರಶ್ನೆ ಮತ್ತೆ ಬಂದಿದೆ. ಈ ಸಲ ದೇವರಾಯನದುರ್ಗ ಸುತ್ತಿ ಬಂದ ತುಮಕೂರಿನವರಿಂದ. ಉತ್ತರ ಚಿಕ್ಕದು: ಆ್ಯಪ್ ಸರಿ. ಪುಸ್ತಕ ಅಚ್ಚಾದ ಕಾಲಕ್ಕೆ ಗೊತ್ತಿದ್ದದ್ದು ಅಷ್ಟೇ. ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಇದನ್ನು ಹೇಳಿದ ಕೂಡಲೇ ಮುಂದಿನ ಮಾತು ಬಂದೇ ಬರುತ್ತದೆ: "ನೋಡೋಕೆ ಎಲ್ಲಾ ಒಂದೇ ಥರ ಇದಾವಲ್ಲ ಸಾರ್, ಬೇರೆ ಬೇರೆ ಹೇಗಾಗುತ್ತೆ?"

ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಇದು. ಕಂದು ಬಣ್ಣ, ಗುಂಪು, ಗಲಾಟೆ, ನೆಲದಲ್ಲಿ ಕುಪ್ಪಳಿಸುವುದು: ಇವಿಷ್ಟಿದ್ದರೆ ಒಂದೇ ವಂಶ ಅಂತ ತೀರ್ಮಾನ. ಹಳೇ ಪಂಡಿತರೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದರು. ಎಲ್ಲೂ ಸರಿಯಾಗಿ ಕೂರದ ಹಕ್ಕಿಯನ್ನೆಲ್ಲ ಟಿಮಾಲಿಯಿಡೇಗೆ ಸೇರಿಸಿಬಿಡುತ್ತಿದ್ದರು. ಮನೆಯಲ್ಲಿ ಜಾಗ ಸಿಗದ ಸಾಮಾನು ಅಟ್ಟಕ್ಕೆ ಹೋಗುತ್ತದಲ್ವಾ, ಹಾಗೆ.

ಆಸ್ಟ್ರೇಲಿಯಾದಲ್ಲೂ ಬ್ಯಾಬ್ಲರ್‌ಗಳಿವೆ. ಅವೂ ಗುಂಪಾಗಿ ಓಡಾಡುತ್ತವೆ, ಅವೂ ಕಿರುಚಾಡುತ್ತವೆ, ತರಗೆಲೆ ಕೆದಕಿ ಹುಳ ಹುಡುಕುತ್ತವೆ. ಬಾಗಿದ ಕೊಕ್ಕು ನೋಡಿದರೆ ನಮ್ಮ ಕುಡುಗೋಲು ಕೊಕ್ಕಿನ ಸಿಮಿಟರ್ ಬ್ಯಾಬ್ಲರ್‌ನ ತಮ್ಮ ಅನ್ನಬೇಕು. ಹಿಂದೆ ಹಾಗೇ ಸೇರಿಸಿಯೂ ಇದ್ದರು. ಡಿಎನ್ಎ ನೋಡಿದಾಗ ಸಂಬಂಧವೇ ಇಲ್ಲ! ಹಾಡುಹಕ್ಕಿಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಕವಲೊಡೆದು ಹೋದ ಗುಂಪು ಅದು. ಈಗ ಅದಕ್ಕೆ ಪೊಮಾಟೊಸ್ಟೊಮಿಡೇ ಅನ್ನುವ ಬೇರೆ ಕುಟುಂಬ. ಕೆಲಸ ಒಂದೇ ಆದರೆ ಮೈಯೂ ಒಂದೇ ಥರ ಆಗಬಹುದು. ಪೊದೆಯೊಳಗೆ ನುಸುಳಿ ಬದುಕುವ ಹಕ್ಕಿಗೆ ಗಿಡ್ಡ ದುಂಡು ರೆಕ್ಕೆ, ಗಟ್ಟಿ ಕಾಲು, ಮಣ್ಣಲ್ಲಿ ಬೆರೆಯುವ ಬಣ್ಣ ಸಾಕು. ಅದಕ್ಕೆ ಒಂದೇ ಅಜ್ಜಿ ಬೇಕಿಲ್ಲ.

ಇನ್ನು ಉಲ್ಟಾ ನೋಡಿ. ನಂದಿಬೆಟ್ಟದಲ್ಲಿ ಬೆಳ್ಗಣ್ಣ ಸಿಗುತ್ತದೆ. ಹಸಿರು-ಹಳದಿ ಮೈ, ಕಣ್ಣಿನ ಸುತ್ತ ಬಿಳಿ ಉಂಗುರ, ಗುಬ್ಬಚ್ಚಿಗಿಂತ ಚಿಕ್ಕದು, ಹೂವಿನ ಮಕರಂದಕ್ಕೂ ಬಾಯಿ ಹಾಕುತ್ತದೆ. ಇದನ್ನು ತೋರಿಸಿ "ಹರಟೆಮಲ್ಲನ ನೆಂಟ" ಅಂದರೆ ನಗುತ್ತೀರಿ. ಆದರೆ 2003ರಲ್ಲಿ ಆಲಿಸ್ ಸಿಬೋವಾ ಅನ್ನುವ ವಿಜ್ಞಾನಿ ಡಿಎನ್ಎ ಹೋಲಿಸಿ ನೋಡಿದಾಗ ಬೆಳ್ಗಣ್ಣಗಳು ಹರಟೆಮಲ್ಲಗಳ ಗುಂಪಿನ ಒಳಗೇ ಬಂದು ಕೂತವು. ಕಂದು ಬಣ್ಣದ ಆಸ್ಟ್ರೇಲಿಯಾದವನು ಹೊರಗೆ, ಹಸಿರು ಬಣ್ಣದ ಈ ಪುಟಾಣಿ ಒಳಗೆ. ಇದಾದ ಮೇಲೂ "ನೋಡೋಕೆ ಒಂದೇ ಥರ" ಅಂತ ವಾದ ಮಾಡಿದರೆ ನಾನೇನು ಮಾಡಲಿ?

ಈಗಿನ ಲೆಕ್ಕ ಹೀಗಿದೆ. ತೋಟದಲ್ಲಿ ತೆಂಗಿನ ಸೋಗೆ ಕೆಳಗೆ ಕಚಪಿಚ ಅನ್ನುವ ಕಾಡು ಹರಟೆಮಲ್ಲ ಲಿಯೋಥ್ರಿಕಿಡೇ ಕುಟುಂಬದ್ದು. ಹಿಮಾಲಯದ ಲಾಫಿಂಗ್‌ಥ್ರಶ್‌ಗಳೂ ಅಲ್ಲೇ. ನಂದಿಬೆಟ್ಟದ ತರಗೆಲೆ ಮೇಲೆ ನಡೆದಾಡುವ ಪಫ್-ಥ್ರೋಟೆಡ್ ಬ್ಯಾಬ್ಲರ್ ಪೆಲ್ಲೋರ್ನಿಡೇ. ಸಿಮಿಟರ್ ಬ್ಯಾಬ್ಲರ್, ಟಾನಿ-ಬೆಲ್ಲಿಡ್ ಬ್ಯಾಬ್ಲರ್ ಹಳೇ ಟಿಮಾಲಿಯಿಡೇಯಲ್ಲೇ ಉಳಿದುಕೊಂಡಿವೆ. ನನಗೆ ಜಾಸ್ತಿ ಇಷ್ಟ ಹಳದಿ ಕಣ್ಣಿನ ಹರಟೆಮಲ್ಲ. ಲಂಟಾನ ಪೊದೆಯ ತುದಿಗೆ ಹತ್ತಿ ಬರುತ್ತದೆ. ಬಿಳಿ ಎದೆ, ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಉಂಗುರ. ನಾಲ್ಕು ಸ್ವರ ಹಾಡಿ, ನೀವು ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಒಳಗೆ ಬಿದ್ದುಬಿಡುತ್ತದೆ. ಇದು ಪ್ಯಾರಟ್‌ಬಿಲ್‌ಗಳ ಕುಟುಂಬಕ್ಕೆ ಹೋಯಿತು. ಹಿಮಾಲಯ, ಚೀನಾ ಕಡೆಯ ಬಿದಿರು-ಹುಲ್ಲಿನ ಹಕ್ಕಿಗಳ ಜೊತೆ!

ಕುಟುಂಬದ ಒಳಗಿನ ವೈಜ್ಞಾನಿಕ ಹೆಸರೂ ಬದಲಾಗಿದೆ. ಕಾಡು ಹರಟೆಮಲ್ಲನನ್ನು ಟುರ್ಡಾಯ್ಡಿಸ್ ಅಂತ ಬರೆಯುತ್ತಿದ್ದೆವು. 2018ರಲ್ಲಿ ಸಿಬೋವಾ ಮತ್ತು ಜೊತೆಗಾರರು ಆ ಗುಂಪನ್ನು ಒಡೆದರು. ಈಗ ಅದು ಆರ್ಗ್ಯಾ ಸ್ಟ್ರಯಾಟ. ನಿಮ್ಮ ನೋಟ್‌ಬುಕ್ಕಿನಲ್ಲಿ ತಿದ್ದಿಕೊಳ್ಳಿ, ಸುಮ್ನೆ ಜಗಳ ಬೇಡ.

ಹಾಗಾದರೆ ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕಿಗಳು ಈ ಸಂಬಂಧಗಳಲ್ಲಿ ಏನನ್ನು ಲೆಕ್ಕಕ್ಕಿಡುತ್ತವೆ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಚಾತಕ ಮತ್ತು ಚಾಣ ಕೋಗಿಲೆ ಎರಡೂ ಕಾಡು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಹರಟೆಮಲ್ಲನ ಮೊಟ್ಟೆ ಅಚ್ಚ ನೀಲಿ. ಇವೆರಡರದ್ದೂ ನೀಲಿ. ಪಕ್ಕದ ಪೊದೆಯಲ್ಲಿರುವ ಹಳದಿ ಕಣ್ಣಿನವನ ಮೊಟ್ಟೆ ಮಾಸಲು ಬಿಳಿ, ಮೇಲೆ ಕೆಂಗಂದು ಚುಕ್ಕೆ. ಅಲ್ಲಿ ನೀಲಿ ಮೊಟ್ಟೆ ಇಟ್ಟರೆ ಎದ್ದು ಕಾಣುತ್ತದೆ. ಚಾಣ ಕೋಗಿಲೆಯ ಮರಿ ಸಾಮಾನ್ಯವಾಗಿ ಮನೆಯ ಮರಿಗಳನ್ನು ಹೊರಗೆ ತಳ್ಳುತ್ತದೆ. ಚಾತಕದ ಮರಿ ತಳ್ಳುವುದಿಲ್ಲ, ಜೊತೆಗೇ ಬೆಳೆಯುತ್ತದೆ. ಸಾಕೋಕೆ ಜನಕ್ಕೇನೂ ಕಮ್ಮಿಯಿಲ್ಲ: ಹರಟೆಮಲ್ಲಗಳಲ್ಲಿ ಅಪ್ಪ ಅಮ್ಮನ ಜೊತೆ ಗುಂಪಿನ ಉಳಿದವರೂ ಮರಿಗೆ ತುತ್ತು ತರುತ್ತಾರೆ. ಅದೇ ಚಾತಕ ದಕ್ಷಿಣ ಆಫ್ರಿಕಾದಲ್ಲಿ ಪಿಕಳಾರಗಳ ಗೂಡಿನಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಅಲ್ಲಿನ ಪಿಕಳಾರದ ಮೊಟ್ಟೆಯ ಮೇಲೆ ಪೂರ್ತಿ ಚುಕ್ಕೆ. ಬಣ್ಣ ಒಂಚೂರೂ ಹೊಂದುವುದಿಲ್ಲ. ಆದರೂ ಪಿಕಳಾರ ಅದರ ಮೇಲೆ ಕಾವು ಕೂರುತ್ತದೆ.